ಟೀಚರಮ್ಮನ ಗಂಟು

ಮೈ ತೊಳೆಯಲು ಸೆರಗು ಸರಿಸಿದ ಶಿವಗಂಗಮ್ಮನ ಕೈ ತಾಯಿಯ ಕೊರಳ ಹತ್ತಿರ ಬಂದು ನಿಂತುಬಿಟ್ಟಿತು. ಕೊರಳ ಸುತ್ತ ತಡವಿದಳು, ಎದೆಯ ಮೇಲೆ ತಡವಿದಳು, ಬೆನ್ನಿಗೆ ಜಾರಿದೆಯೇನೋ ಎಂದು ಹೆಣದ ಕತ್ತನ್ನು ಒಸಿ ಎತ್ತಿಯೂ ನೋಡಿದಳು. ಶಿವದಾರವಿಲ್ಲ. ದಾರದಲ್ಲಿ ತೂಗಬೇಕಾದ ಬೆಳ್ಳಿ ಕರಡಿಗೆ ಇಲ್ಲ. ಕರಡಿಗೆಯೇ ಇಲ್ಲವೆಂದ ಮೇಲೆ ಅದರೊಳಗಿನ ಲಿಂಗದ ಮಾತೆಲ್ಲಿ ಬಂತು.

“ಸೌಮ್ಯಾ, ಅವ್ವನ ಲಿಂಗ ಎಲ್ಲಿ?”

ಚೆಂಬಿನಲ್ಲಿ ನೀರು ಹುಯ್ಯುತ್ತಿದ್ದ ಸೌಮ್ಯಶ್ರೀ ತಲೆ ಎತ್ತಿದಳು. ಸುತ್ತ ನಿಂತಿದ್ದ ನಾಲ್ಕೈದು ಹೆಂಗಸರೂ ಅವಳನ್ನೇ ನೋಡುತ್ತಿದ್ದರು. ಗಂಡನ ಅಕ್ಕ ಕೇಳಿದ್ದು ‘ಎಲ್ಲಿ’ ಎಂದಷ್ಟೇ, ಆದರೆ ಅದರ ಹಿಂದೆ ‘ಏನು ಮಾಡಿದೆ’ ಎಂಬುದೂ ಇತ್ತು. ಕತ್ತಿನಲ್ಲೇ ಇರಬೇಕಲ್ಲ ಅಕ್ಕ ಎಂದಳು ಸೌಮ್ಯಶ್ರೀ. ಅಂದ ಮೇಲೆ ಅವಳಿಗೇ ಅನ್ನಿಸಿತು, ಕಳ್ಳರು ಸಿಕ್ಕಿಬಿದ್ದಾಗ ಆಡುವ ಮಾತೂ ಹೀಗೇ ಇರುತ್ತದಲ್ಲ ಎಂದು.

ಸತ್ತವಳು ಬಸವಲಿಂಗಮ್ಮ. ಕುದೂರಿನ ಅಂಗನವಾಡಿಯಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಉಪ್ಪಿಟ್ಟು ಬಡಿಸಿ, ಅಆಇಈ ತಿದ್ದಿಸಿ, ಊರಿಗೆಲ್ಲ ಟೀಚರಮ್ಮ ಎನಿಸಿಕೊಂಡವಳು. ಎಪ್ಪತ್ತೆರಡು ತುಂಬಿತ್ತು. ಹೊತ್ತಾರೆ ಐದೂವರೆಗೆ, ಸೌಮ್ಯಶ್ರೀ ಕಾಫಿಗೆ ನೀರಿಟ್ಟು ಒಳಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಮಗ ರುದ್ರಪ್ರಸಾದ್ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ ಇಟ್ಟುಕೊಂಡು ಹಗಲೆಲ್ಲ ಅಲ್ಲೇ ಇರುವವನು. ಮಗಳು ಶಿವಗಂಗಮ್ಮ ಬಿಡದಿಯಲ್ಲಿ ತಟ್ಟೆ ಇಡ್ಲಿ ಹೋಟೆಲಿನವರ ಮನೆ ಸೇರಿದವಳು. ಹನ್ನೆರಡು ವರ್ಷದಿಂದ ಮುದುಕಿಯ ಜೊತೆ ಮನೆಯಲ್ಲಿದ್ದವಳು ಸೊಸೆ ಒಬ್ಬಳೇ. ನೋಡಿಕೊಂಡವರನ್ನೇ ಮೊದಲು ಕೇಳುವುದು ಲೋಕದ ಕ್ರಮ, ಅದಕ್ಕೇನು ಮಾಡಲಾದೀತು.

ಸುದ್ದಿ ಬಚ್ಚಲಿನಿಂದ ಜಗಲಿಗೆ ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಗುರುಸಿದ್ದಯ್ಯನವರು ವಿಭೂತಿ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮಣ್ಣಾಗುವವರೆಗೆ ಮೈಮೇಲಿರಬೇಕು. ಅದನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ನೆಲಕ್ಕೆ ಇಡುವಂತಿಲ್ಲ. ಕಡೆಗೆ ಗೂಡಿನಲ್ಲಿ ಕೂರಿಸಿ ಮಣ್ಣು ಮಾಡುವಾಗ ಅಂಗೈಯಲ್ಲಿಟ್ಟು ಕಳಿಸಬೇಕು. ಇದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದದ್ದೇ. ಆದರೂ ಅಯ್ಯನವರು ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದರು.

“ಮೂರು ಗಂಟೆಗಂಟ ಕಾಯ್ತೀನಿ. ಸಿಗಲಿಲ್ಲ ಅಂದ್ರೆ ಮಠದಿಂದ ಹೊಸದು ತರಿಸಿ ಕೊಟ್ಟು ಕಳಿಸ್ತೀನಿ. ಆದ್ರೆ ಟೀಚರಮ್ಮ ದಿನಾ ಅಂಗೈಯಲ್ಲಿಟ್ಟು ಪೂಜೆ ಮಾಡಿದ್ದು ಅದನ್ನಲ್ಲ ಕಣಪ್ಪ.”

ಅಂದರೆ ಮೂರರೊಳಗೆ ಸಿಗದಿದ್ದರೆ ಅತ್ತೆಯ ಜೊತೆ ತನ್ನ ಮಾನವೂ ಮಣ್ಣಾಯಿತು ಎಂದು ಸೌಮ್ಯಶ್ರೀಗೆ ಅರ್ಥವಾಯಿತು. ಕುದೂರಿನಲ್ಲಿ ಅವಳು ಇನ್ನು ಮೂವತ್ತು ವರ್ಷ ಬದುಕಬೇಕು. ಅಷ್ಟು ವರ್ಷವೂ ಅವಳ ಬೆನ್ನ ಹಿಂದೆ ಒಂದೇ ಮಾತು ಓಡಾಡುತ್ತಿರುತ್ತದೆ, ಹೆಣದ ಕೊರಳಿಂದ ಲಿಂಗ ಬಿಚ್ಚಿದವಳು ಎಂದು.

ಸಾವಿನ ಮನೆಯಲ್ಲಿ ಅಳುವವರು ಒಂದು ಮೂಲೆ, ಎಣಿಸುವವರು ಮೂರು ಮೂಲೆ. ದೇವರ ಗೂಡು ನೋಡಿದರು, ಟ್ರಂಕು ನೋಡಿದರು, ಅಕ್ಕಿ ಡಬ್ಬಕ್ಕೂ ಕೈ ಹಾಕಿದರು. ಹಾಸಿಗೆ ಎಲ್ಲಿ ಎಂದು ಶಿವಗಂಗಮ್ಮ ಕೇಳಿದಳು. ಪ್ರಾಣ ಹೋದ ಹಾಸಿಗೆ ಮನೆಯೊಳಗಿರಬಾರದೆಂದು ಬೆಳಿಗ್ಗೆಯೇ ತಾನು ಸುತ್ತಿ ಹಿತ್ತಿಲ ತಿಪ್ಪೆಯ ಮೇಲೆ ಹಾಕಿದ್ದಾಗಿ ಸೌಮ್ಯಶ್ರೀ ಹೇಳಿದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಅಷ್ಟು ಬೇಗ ಎಸೆಯುವಂಥದ್ದೇನಿತ್ತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ರುದ್ರಪ್ರಸಾದನ ಚಿಕ್ಕಪ್ಪನ ಮಗ ಶಂಭುಲಿಂಗ, ಹಾರೋಹಳ್ಳಿ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದವನು, ಹೋಗಿ ಕೋಲಿನಲ್ಲಿ ಎಲ್ಲ ತಿರುವಿ ನೋಡಿ ಬಂದ.

“ಹಾಸಿಗೆ, ರಗ್ಗು, ದಿಂಬು, ಕತ್ತೆ. ಇನ್ನೇನೂ ಇಲ್ಲ ಕಣಣ್ಣೋ” ಅಂದ.

*

ಕತ್ತೆ ಮನೆಗೆ ಬಂದದ್ದು ಸೌಮ್ಯಶ್ರೀ ಮದುವೆಯಾಗಿ ಬಂದ ವರ್ಷ. ಬಸವಲಿಂಗಮ್ಮನಿಗೆ ಅದು ನೌಕರಿಯ ಕಡೆಯ ವಾರ. ಅಂಗನವಾಡಿಯ ಹಳೇ ಆಟಿಕೆಗೆ ಬದಲು ಹೊಸದು ತರಬೇಕೆಂದು ಹೊಸ ಸೊಸೆಯ ಕೈಗೊಂದು ಚೀಲ ಕೊಟ್ಟು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಖಲಂದರ್ ಸಾಹೇಬರ ಅಂಗಡಿಯೇ ಆಗಬೇಕು. ಬುಗುರಿ, ಗಿಲಕಿ, ಚಕ್ರದ ಕುದುರೆ ಎಲ್ಲವನ್ನೂ ಮೂರು ಸಲ ಎಣಿಸಿ, ಚೀಲದ ಬಾಯಿಗೆ ದಾರ ಸುತ್ತಿ ಏಳು ಗಂಟು ಹಾಕಿದಳು. ಆ ಗಂಟು ಕುದೂರಿನಲ್ಲಿ ಹೆಸರುವಾಸಿ. ಬಿಚ್ಚಿದವರು ಯಾರೇ ಆಗಲಿ ಮತ್ತೆ ಹಾಗೇ ಹಾಕಲು ಬರುವುದಿಲ್ಲ, ಹಾಗಾಗಿ ಸಿಕ್ಕಿಬೀಳುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಮನೆಯ ಬೆಲ್ಲದ ಡಬ್ಬಕ್ಕೂ ಅದೇ ಗಂಟು.

ಹೊರಡುವಾಗ ಅಂಗಡಿಯ ಮೆಟ್ಟಿಲ ಮೇಲೆ ನಿಂತು ತಿರುಗಿ, ಮೆತ್ತಗಿರುವ ಗೊಂಬೆ ಏನಾದರೂ ಇದೆಯಾ ಎಂದು ಕೇಳಿದಳು. ಖಲಂದರ್ ಸಾಹೇಬರು ನಕ್ಕುಬಿಟ್ಟರು. ಚನ್ನಪಟ್ಟಣಕ್ಕೆ ಬಂದು ಹತ್ತಿ ಗೊಂಬೆ ಕೇಳುವುದೆಂದರೆ ನಮ್ಮ ಹೊಟ್ಟೆಯ ಮೇಲೆ ಹೊಡೆದ ಹಾಗಲ್ಲವಾ ಟೀಚರಮ್ಮ ಎಂದರು. ಯಾವ ಕೂಸಿಗೆ ಎಂದೂ ಕೇಳಿದರು.

“ನಂಗೇಯ” ಅಂದಳು ಬಸವಲಿಂಗಮ್ಮ. “ಮೂವತ್ತನಾಲ್ಕು ವರ್ಷ ಬೆಳಿಗ್ಗೆ ಎಣಿಸಿ ಕೊಟ್ಟು ಸಂಜೆ ಎಣಿಸಿ ಇಸ್ಕಂಡಿವ್ನಿ ಸಾಹೇಬ್ರೆ. ಒಂದು ಬುಗುರಿ ಕಮ್ಮಿ ಬಂದ್ರೆ ಅಷ್ಟೂ ಮಕ್ಕಳ ಚಡ್ಡಿ ಜೇಬು ನೋಡ್ತಿದ್ದೆ. ಒಂದ್ಸಲ ಎಲ್ಲಾ ಹೈಕಳನ್ನೂ ಅಳಿಸಿ ಮನೆಗೆ ಬಂದು ನೋಡ್ತೀನಿ, ಬುಗುರಿ ನನ್ನ ಸೆರಗಲ್ಲೇ ಸಿಕ್ಕಂಡಿತ್ತು. ಎಣಿಸೋದೇ ಬ್ಯಾಡದಂತಾದ್ದು ಒಂದು ನಂಗೂ ಬೇಕು.”

ಸಾಹೇಬರು ನಗು ನಿಲ್ಲಿಸಿ ಒಳಗೆ ಹೋದರು. ಯಾರೋ ಊರು ನೋಡಲು ಬಂದವರು ಮರೆತು ಹೋಗಿದ್ದ, ಗಾಜಿನ ಬೀರುವಿನ ಮೇಲೆ ಧೂಳು ತಿನ್ನುತ್ತ ಕೂತಿದ್ದ ಬೂದು ಬಣ್ಣದ ಬಟ್ಟೆ ಕತ್ತೆಯೊಂದನ್ನು ತಂದು ಕೊಡವಿ, ಬೇಡವೆಂದರೂ ಕೇಳದೆ ಹಾಗೇ ಕೊಟ್ಟುಬಿಟ್ಟರು. ರಾಮನಗರ, ಮಾಗಡಿ ಎಂದು ಎರಡು ಬಸ್ಸು ಬದಲಿಸಿ ಕುದೂರಿಗೆ ಬರುವವರೆಗೂ ಕತ್ತೆ ಬಸವಲಿಂಗಮ್ಮನ ತೊಡೆಯ ಮೇಲಿತ್ತು. ಅದಕ್ಕೂ ಅರ್ಧ ಟಿಕೆಟ್ ಹರಿಯಲಾ ಎಂದು ಕಂಡಕ್ಟರ್ ಕೇಳಿದ. ಹೊಸ ಸೊಸೆ ನಾಚಿಕೆಯಿಂದ ಕಿಟಕಿಯ ಆಚೆ ನೋಡುತ್ತ ಕೂತಳು.

ಅದಕ್ಕೆ ಬೂದ ಎಂದು ಹೆಸರಾಯಿತು. ಚಳಿಗೆ ಸ್ವೆಟರ್ ಆಯಿತು, ಮಲಗುವಾಗ ದಿಂಬಿನ ಪಕ್ಕ ಜಾಗವಾಯಿತು. ನೆಂಟರು ‘ಅತ್ತೆಗೊಂದು ಕತ್ತೆ’ ಎಂದು ಆಡಿಕೊಂಡು ನಕ್ಕರು. ಯಾರನ್ನೂ ನಂಬದ ಬಸವಲಿಂಗಮ್ಮ ಅದೊಂದರ ಎದುರಿಗೆ ಮಾತ್ರ ಬೀಗದ ಕೈ ಬಿಚ್ಚಿಡುತ್ತಿದ್ದಳು.

*

ಹನ್ನೊಂದು ಗಂಟೆಗೆಲ್ಲ ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಬಂದವರು ಹಾರ ಹಾಕಿ, ಕಾಲು ಮುಟ್ಟಿ, ಹಿಂದಕ್ಕೆ ಸರಿದು, ಪಕ್ಕದವರನ್ನು ಮೆಲ್ಲಗೆ ಕೇಳುತ್ತಿದ್ದದ್ದು ಒಂದೇ: ಸಿಕ್ಕಿತಾ?

ಸೌಮ್ಯಶ್ರೀಯ ತಲೆಯೊಳಗೂ ಅನುಮಾನ ಬಿಲ ತೋಡುತ್ತಿತ್ತು. ಕಡೆಯ ಎರಡು ದಿನ ತಾಯಿಯ ಪಕ್ಕ ಮಲಗಿದ್ದವಳು ಶಿವಗಂಗಮ್ಮ. ಬಂದಾಗ ಒಂದು ಬ್ಯಾಗಿತ್ತು, ಈಗ ಎರಡಿವೆ. ಅಷ್ಟು ಜೋರಾಗಿ ಎಲ್ಲಿ ಎಲ್ಲಿ ಎಂದು ಕೇಳುವವರೇ ಬಚ್ಚಿಟ್ಟವರು ಯಾಕಾಗಿರಬಾರದು? ಇನ್ನು ಗಂಡ. ಮೊನ್ನೆ ಮಾಗಡಿಗೆ ಹೋಗುವಾಗ ಜೇಬು ಉಬ್ಬಿತ್ತು, ಏನೆಂದು ಕೇಳಿದರೆ ಬೀಜದ ಸ್ಯಾಂಪಲ್ ಅಂದಿದ್ದ. ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡನ ಜೇಬನ್ನು ಹೀಗೆ ಮನಸ್ಸಿನಲ್ಲೇ ತಡಕಾಡುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ತಡಕಾಡುವುದು ನಿಲ್ಲಲಿಲ್ಲ.

ಅತ್ತೆಯ ಕತ್ತಿನಲ್ಲಿ ಲಿಂಗ ಕಂಡದ್ದು ಯಾವತ್ತು ಕಡೆ? ಅದೇ ನೆನಪಿಗೆ ಬರುತ್ತಿಲ್ಲ. ಹತ್ತು ದಿನದಿಂದ ಮುದುಕಿ ಆ ಕತ್ತೆಯನ್ನು ಎದೆಗವಚಿಕೊಂಡು, ಮೇಲೆ ರಗ್ಗು ಎಳೆದುಕೊಂಡು ಮಲಗಿರುತ್ತಿದ್ದಳು. ಮೈ ಒರೆಸಲು ಹೋದರೆ ಎದೆ ನಾನೇ ಒರೆಸ್ಕತೀನಿ ಬುಡು ಎಂದು ಕೈ ತಳ್ಳುತ್ತಿದ್ದಳು. ಸಾಯುವ ಕಾಲಕ್ಕೂ ನನ್ನನ್ನು ನಂಬಲಿಲ್ಲವಲ್ಲ ಎಂದು ಸೌಮ್ಯಶ್ರೀಗೆ ಉರಿದುಹೋಗಿತ್ತು. ಬೆಳಿಗ್ಗೆ ಹಾಸಿಗೆ ಸುತ್ತುವಾಗ ಮಡಿಕೆಯಿಂದ ಕತ್ತೆಯ ಕಿವಿ ಆಚೆ ಬಂದಿದ್ದು ಅವಳಿಗೆ ಕಂಡಿತ್ತು. ಕಂಡರೂ ಅವಳು ತೆಗೆದಿಡಲಿಲ್ಲ.

*

ಫೋನು ಕಲಿಸಿದವಳು ಸೌಮ್ಯಶ್ರೀಯೇ. ಮೂರು ವರ್ಷದ ಹಿಂದೆ, ಅಕ್ಷರ ಒತ್ತಲು ಬೆರಳು ನಡುಗುತ್ತದೆ ಎಂದು ಅತ್ತೆ ಗೊಣಗಿದಾಗ, ಬರೆಯುವುದೇ ಬೇಡ, ಈ ಮೈಕನ್ನು ಒತ್ತಿಕೊಂಡು ಮಾತಾಡಿ ಎಂದು ತೋರಿಸಿಕೊಟ್ಟಿದ್ದಳು. ಕಳಿಸಿದ ಮೇಲೆ ಪಕ್ಕದಲ್ಲಿ ಸಣ್ಣ ಮೈಕಿನ ಗುರುತು ಬರುತ್ತದೆ, ಬೂದಿ ಬಣ್ಣದ್ದು. ಅವರು ಕೇಳಿದರೆ ನೀಲಿಯಾಗುತ್ತದೆ. ಗ್ರೂಪಿನಲ್ಲಾದರೆ ಎಲ್ಲರೂ ಕೇಳಿದ ಮೇಲೇ ನೀಲಿ.

“ಅಂದ್ರೆ ಯಾರು ಕೇಳಿಲ್ಲ ಅಂತ ಕಳಿಸಿದೋರಿಗೆ ಗೊತ್ತಾಗ್ತೈತೆ?”

“ಗೊತ್ತಾಗ್ತದೆ ಅತ್ತೆ.”

“ಭಾರೀ ಒಳ್ಳೇ ಮಿಷನ್ನು ಕಣವ್ವ ಇದು” ಎಂದಿದ್ದಳು ಬಸವಲಿಂಗಮ್ಮ. ಅನುಮಾನದ ಮುದುಕಿಗೆ ಇದಕ್ಕಿಂತ ಹೆಚ್ಚಿನದು ಯಾರು ಕೊಟ್ಟಾರು.

ಅಂದಿನಿಂದ ದಿನಾ ‘ಕುದೂರು ಕುಟುಂಬ’ ಎಂಬ ಗ್ರೂಪಿನ ಮೂವತ್ತೊಂದು ಮಂದಿಗೂ ಅವಳ ವರದಿ. ಹಾಲು ಒಡೆಯಿತು, ಕರೆಂಟು ಹೋಯಿತು, ಎದುರು ಮನೆಯ ನಲ್ಲಿ ಸೋರುತ್ತಿದೆ, ಅವರೆಕಾಯಿ ಸೊನೆ ಈ ಸಲ ಸಾಲದು, ಬೂದನ ಸ್ವೆಟರಿನ ಗುಂಡಿ ಕಿತ್ತಿತು. ಜೊತೆಗೆ ಬೂದನದೊಂದು ಫೋಟೋ. ಕಡೆಯಲ್ಲಿ ‘ಇವತ್ತಿನ ಇಂಗ್ಲಿಷು’. ಈಗ ಅಂಗನವಾಡಿ ಮಕ್ಕಳೂ ಇಂಗ್ಲಿಷಿನಲ್ಲೇ ನೀರು ಕೇಳುತ್ತವೆಂದು ತಿಳಿದು, ಮಾಗಡಿಯಲ್ಲಿ ಒಂದು ಹಳೇ ಗ್ರಾಮರ್ ಪುಸ್ತಕ ತಂದು, ದಿನಕ್ಕೊಂದು ಕಲಿತು, ಕಲಿತದ್ದನ್ನು ಸುಮ್ಮನಿಟ್ಟುಕೊಳ್ಳಲಾರದೆ ಎಲ್ಲರಿಗೂ ಕಲಿಸುತ್ತಿದ್ದಳು. ಟೀಚರ್ ಚಾಳಿ, ಅದು ರಿಟೈರ್ ಆಗುವುದಿಲ್ಲ.

ಮೊದಲ ತಿಂಗಳು ಎಲ್ಲರೂ ಕೇಳಿದರು. ಆಮೇಲೆ ಜೋಡಿಸಿದ ಎರಡು ಕೈಯ ಚಿತ್ರ ಒತ್ತಿ ಸುಮ್ಮನಾದರು. ಅತ್ತೆಯ ಮಾತನ್ನು ಮನೆಯಲ್ಲಿ ದಿನವಿಡೀ ಕೇಳುವುದೇ ಆಗಿರುವಾಗ ಫೋನಿನಲ್ಲೂ ಯಾಕೆ ಎಂದು ಸೌಮ್ಯಶ್ರೀ ಗ್ರೂಪನ್ನೇ ಮ್ಯೂಟ್ ಮಾಡಿದಳು. ಆದರೂ ಕೈ ಮುಗಿಯುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

*

ಹನ್ನೆರಡೂವರೆಗೆ ಸುದ್ದಿ ಕೇಳಿ ನಿಖಾತ್ ಬಂದಳು. ಕುದೂರಿನ ಹುಡುಗಿ, ಮಾಗಡಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ತಿಂಗಳಿನಿಂದ ದಿನಾ ಸಂಜೆ ಡ್ಯೂಟಿ ಮುಗಿಸಿ ಬರುವಾಗ ಟೀಚರಮ್ಮನಿಗೆ ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದಳು. ತಾನೂ ಅದೇ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿಂದವಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮುದುಕಿಯ ಎದುರು ಮಂಡಿಯೂರಿ, ತುಂಬಾ ಹೊತ್ತು ಅತ್ತಳು. ಅಷ್ಟು ನಿಜವಾದ ಅಳು ಆ ಮನೆಯಲ್ಲಿ ಬೆಳಿಗ್ಗೆಯಿಂದ ಯಾರೂ ಅತ್ತಿರಲಿಲ್ಲ.

ಹೆಂಗಸರ ಕಣ್ಣು ಮಾತ್ರ ಅವಳ ಹೆಗಲಿನ ಬ್ಯಾಗಿನ ಮೇಲಿತ್ತು. ಶಿವಗಂಗಮ್ಮ ಸೌಮ್ಯಶ್ರೀಯನ್ನು ಅಡುಗೆಮನೆ ಬಾಗಿಲಿಗೆ ಕರೆದು, ನೀನು ಬಿಟ್ಟರೆ ಅವ್ವನ ಮೈ ಮುಟ್ಟಿದವರು ಇನ್ಯಾರು ಎಂದು ಕೇಳಿದಳು. ದನಿ ತಗ್ಗಿಸಿಯೇ ಕೇಳಿದಳು, ಆದರೆ ಪಡಸಾಲೆಗೆಲ್ಲ ಕೇಳಿಸಿತು.

ಆಗ ಸೌಮ್ಯಶ್ರೀಗೆ ಒಂದು ದಾರಿ ಕಂಡಿತು. ತನ್ನ ಮೇಲೆ ನೆಟ್ಟ ಅಷ್ಟೂ ಕಣ್ಣುಗಳು ಒಂದು ಮಾತಿಗೆ ಬೇರೆ ಕಡೆ ತಿರುಗುತ್ತವೆ. ಅದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಂದಳು.

“ಸ್ಕ್ಯಾನಿಂಗ್ ದಿನ ನಮ್ಮ ಜೊತೆ ರಾಮನಗರಕ್ಕೆ ಬಂದು, ಅತ್ತೆ ಸಂಗಡ ಒಳಗೆ ಹೋಗಿದ್ದೋಳು ನಿಖಾತ್. ನಾನೂ ಇವ್ರೂ ಆಚೆ ಕೂತಿದ್ವಿ.”

ಮೂವತ್ತು ತಲೆ ಒಟ್ಟಿಗೆ ತಿರುಗಿದವು. ನಿಖಾತ್ ಕಣ್ಣೊರೆಸಿಕೊಂಡು ಎದ್ದು ನಿಂತಳು. ಏನು ಕಳೆದಿದೆ ಎಂದು ಕೇಳಿದಳು. ರುದ್ರಪ್ರಸಾದ್ ತಲೆ ತಗ್ಗಿಸಿ ಹೇಳಿದ. ಅವಳು ಬ್ಯಾಗನ್ನು ಸೌಮ್ಯಶ್ರೀಯ ಎದುರಿಗೇ ನೆಲದ ಮೇಲೆ ಸುರಿದಳು. ಟಿಫಿನ್ ಡಬ್ಬಿ, ನೀರಿನ ಬಾಟಲು, ಬಿ.ಪಿ. ನೋಡುವ ಪಟ್ಟಿ, ಒಂದು ಬಾಚಣಿಗೆ, ಟೀಚರಮ್ಮನಿಗೆ ಸಂಜೆ ಕೊಡಬೇಕಾಗಿದ್ದ ಇಂಜೆಕ್ಷನ್. ಕಡೆಗೆ ಬ್ಯಾಗಿನ ಒಳಗನ್ನೂ ಹೊರಕ್ಕೆ ಮಗುಚಿ ತೋರಿಸಿದಳು.

“ಆವತ್ತು ಕೊಡಿ ಅಂತ ನಾನು ಕೈ ಚಾಚಿದ್ದು ನಿಜ ಸೌಮ್ಯಕ್ಕ. ಅವರು ಕೊಡಲಿಲ್ಲ. ಐದು ನಿಮಿಷ ಆಚೆ ಇರು ಅಂದ್ರು. ಎಲ್ಲಿಟ್ರಿ ಟೀಚರಮ್ಮ ಅಂತ ಆಮೇಲೆ ಕೇಳಿದ್ದಕ್ಕೆ, ಗ್ರೂಪಲ್ಲಿ ಹೇಳಿವ್ನಿ ಬುಡು ಅಂದ್ರು. ನಾನು ನಿಮ್ಮ ಗ್ರೂಪಲ್ಲಿಲ್ಲ. ನಿಮಗೆಲ್ಲ ಗೊತ್ತಿರ್ತದೆ ಅಂದ್ಕೊಂಡಿದ್ದೆ.”

ಗ್ರೂಪ್ ಅಡ್ಮಿನ್ ಶಂಭುಲಿಂಗನೇ ಮೊದಲು ಜೇಬಿಗೆ ಕೈ ಹಾಕಿದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಪಡಸಾಲೆಯಲ್ಲಿ, ಜಗಲಿಯಲ್ಲಿ, ಶಾಮಿಯಾನದ ಕೆಳಗೆ ಎಲ್ಲರೂ ಫೋನು ತೆಗೆದು ಬೆರಳಿನಲ್ಲಿ ಹಿಂದಕ್ಕೆ ತಳ್ಳುತ್ತ ಸ್ಕ್ಯಾನಿಂಗ್ ಆಗಿದ್ದ ಆ ಸೋಮವಾರವನ್ನು ಹುಡುಕಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎಂಬ ಗಾದೆಗೆ ಆ ಮಧ್ಯಾಹ್ನ ಕುದೂರಿನಲ್ಲಿ ಮೂವತ್ತು ಮಂದಿ ಸಾಕ್ಷಿಯಾದರು.

ಒಂದು ಫೋನು ಮಾತಾಡತೊಡಗಿತು. ಅದು ಅರ್ಧ ಮಾತಿನಲ್ಲಿರುವಾಗ ಇನ್ನೊಂದು, ಅದರ ಹಿಂದೆ ಹತ್ತು. ಗೋಡೆಗೆ ಒರಗಿ ಕೂತ ಬಸವಲಿಂಗಮ್ಮನ ಬಾಯಿ ಮುಚ್ಚಿತ್ತು, ಅವಳ ದನಿ ಮಾತ್ರ ಮನೆಯ ಮೂಲೆ ಮೂಲೆಯಿಂದ ಒಂದರ ಹಿಂದೊಂದು ಏಳುತ್ತಿತ್ತು. ಎಲ್ಲಾರಿಗೂ ನಮಸ್ಕಾರ, ನಮಸ್ಕಾರ, ನಮಸ್ಕಾರ. ಎಳೆಗೂಸೊಂದು ಹೆದರಿ ಅತ್ತಿತು. ಒಂದೇ ಹಾಕ್ರಪ್ಪ ಎಂದು ಅಯ್ಯನವರು ಗದರಿದ ಮೇಲೆ ಶಂಭುಲಿಂಗ ತನ್ನ ಫೋನನ್ನು ಜಗಲಿಯ ಮೇಲಿಟ್ಟು ಮೊದಲಿನಿಂದ ಹಾಕಿದ.

“ಎಲ್ಲಾರಿಗೂ ನಮಸ್ಕಾರ. ಇವತ್ತು ಸೋಮವಾರ. ಬೆಳಿಗ್ಗೆ ಹಾಲು ಒಡೆದೋಯ್ತು, ಸೌಮ್ಯ ಕರೀ ಕಾಫಿ ಕೊಟ್ಲು. ಈಗ ರಾಮನಗರದಲ್ಲಿ ಸ್ಕ್ಯಾನಿಂಗಿಗೆ ಬಂದಿವ್ನಿ. ಮೈಮೇಲೆ ಏನೂ ಇರ್ಬಾರದಂತೆ. ಲಿಂಗಾನ ಬ್ಯಾರೆಯೋರ ಕೈಗೆ ಹೆಂಗೆ ಕೊಡದು? ಚೀಲದಲ್ಲಿ ಜೊತೆಗೆ ತಂದಿದ್ದ ನಮ್ಮ ಬೂದನ ಕೊರಳಿಗೆ ಕಟ್ಟಿ ಮೇಲೆ ಸ್ವೆಟರ್ ಹಾಕಿವ್ನಿ. ಕರಡಿಗೆ ಮುಚ್ಚಳಕ್ಕೂ ಸೇರಿಸಿ ಏಳು ಗಂಟು. ಸೌಮ್ಯಂಗೆ ಹೇಳಿಲ್ಲ. ಅವಳಿಗೆ ಗೊತ್ತಿದ್ರೆ, ನಾಳೆ ಒಸಿ ಹೆಚ್ಚುಕಮ್ಮಿ ಆದಾಗ ಎಲ್ಲಾರೂ ಅವಳ ಮಕ ನೋಡ್ತೀರ. ನಿಮ್ಮ ಬುದ್ಧಿ ನಂಗೆ ಗೊತ್ತು. ಅದಕ್ಕೇ ಇಲ್ಲಿ ಹೇಳ್ತಾ ಇವ್ನಿ. ಗುಟ್ಟು ಮಡಗಕ್ಕೆ ಈ ಗ್ರೂಪಿಗಿಂತ ಒಳ್ಳೇ ಜಾಗ ಇಲ್ಲ, ಯಾರೂ ಕೇಳಕ್ಕಿಲ್ಲ. ಇವತ್ತಿನ ಇಂಗ್ಲಿಷು. ಲುಕ್ ಫಾರ್ ಅಂದ್ರೆ ಹುಡುಕೋದು. ಲುಕ್ ಆಫ್ಟರ್ ಅಂದ್ರೆ ನೋಡ್ಕೊಳ್ಳೋದು. ಎರಡೂ ಒಂದೇ ಅಂತ ಬರೀಬ್ಯಾಡಿ. ಬತ್ತೀನಿ.”

ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. ಎಲ್ಲಕ್ಕಿಂತ ಮೇಲಿದ್ದದ್ದು ಸೌಮ್ಯಶ್ರೀಯದು. ಅವಳಿಗೆ ಆ ಗಳಿಗೆ ನೆನಪಾಯಿತು. ಸ್ಕ್ಯಾನಿಂಗ್ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಫೋನಿನಲ್ಲಿ ಏನೋ ನೋಡುತ್ತಿದ್ದಾಗ ಅತ್ತೆಯ ವರದಿ ಕಂಡಿತ್ತು, ಕೈ ಮುಗಿದಿದ್ದಳು. ನಡುವೆ ಒಂದು ಗೋಡೆ ಇತ್ತು ಅಷ್ಟೇ.

“ನಂದೂ ಐತೆ ಇದ್ರಾಗೆ” ಎಂದು ಶಿವಗಂಗಮ್ಮ ಫೋನನ್ನು ಸೆರಗಿನಡಿ ಮುಚ್ಚಿಕೊಂಡಳು. ಸೌಮ್ಯಶ್ರೀ ಅಷ್ಟರಲ್ಲಿ ಹಿತ್ತಿಲ ಕಡೆ ಓಡಿದ್ದಳು.

ತಿಪ್ಪೆಯ ಮೇಲೆ ಕೋಳಿಗಳು ಹಾಸಿಗೆಯ ಹರಿದ ಮೂಲೆಯಿಂದ ಹತ್ತಿ ಕೆದರುತ್ತಿದ್ದವು. ಶಂಭುಲಿಂಗನ ಕೋಲಿಗೆ ಉರುಳಿದ್ದ ಬೂದ ರಗ್ಗಿನ ಅಂಚಿನಲ್ಲಿ ಬೆನ್ನಡಿಯಾಗಿ ಬಿದ್ದಿತ್ತು. ಸ್ವೆಟರಿನ ಗುಂಡಿ ಬಿಚ್ಚಿದರೆ ಎದೆಯ ಮೇಲೆ ಬೆಳ್ಳಿ ಕರಡಿಗೆ, ಬಿಳಿ ಶಿವದಾರ, ಒಂದರ ಮೇಲೊಂದು ಏರಿದ ಗಂಟುಗಳು. ಅವಳು ಅಲ್ಲೇ ತಿಪ್ಪೆಯ ಅಂಚಿಗೆ ಕುಕ್ಕರಿಸಿ ಅತ್ತೆಯ ಕಡೆಯ ಸಂದೇಶವನ್ನು ಹುಡುಕಿ ಕಿವಿಗಿಟ್ಟುಕೊಂಡಳು. ಮೊನ್ನೆಯದು. ಉಸಿರಿಗೇ ಹೆಚ್ಚು ಜಾಗ, ಮಾತಿಗೆ ಕಮ್ಮಿ. ಗಂಟು ಬಿಚ್ಚಕ್ಕೆ ಕೈಯಲ್ಲಿ ಶಕ್ತಿ ಇಲ್ಲ, ಬೂದನ್ನೇ ಎದೆ ಮೇಲೆ ಮಲಗಿಸ್ಕಂಡಿವ್ನಿ, ಲಿಂಗ ಮೈಮೇಲೆ ಇದ್ದಂಗೇ ಆಯ್ತು, ಸೌಮ್ಯ ಮಾಡಿದ ಗಂಜಿ ಚೆನ್ನಾಗಿತ್ತು, ಇವತ್ತು ಇಂಗ್ಲಿಷಿಲ್ಲ. ಅಷ್ಟೇ ಇದ್ದದ್ದು.

*

ಗಂಟು ಬಿಚ್ಚಲು ಶಿವಗಂಗಮ್ಮ ನೋಡಿದಳು, ರುದ್ರಪ್ರಸಾದ್ ನೋಡಿದ, ಶಂಭುಲಿಂಗ ಹಲ್ಲಿನಲ್ಲೂ ಎಳೆದ. ಒಂದೂ ಜಗ್ಗಲಿಲ್ಲ. ಯಾರೋ ಕತ್ತರಿ ತಂದರು. ಶಿವದಾರಕ್ಕೆ ಕತ್ತರಿ ಹಾಕಲು ಬಿಡುವುದಿಲ್ಲ ಎಂದರು ಅಯ್ಯನವರು. ಹಾಗಾದರೆ ಕತ್ತೆಯ ಕತ್ತನ್ನೇ ಕುಯ್ದರಾಯಿತು, ದಾರ ತಾನಾಗಿ ಬರುತ್ತದೆ ಎಂದ ಶಂಭುಲಿಂಗ. ಹೊತ್ತಾಗುತ್ತಿತ್ತು, ಹೊಲದಲ್ಲಿ ಗುಂಡಿ ತೆಗೆದವರು ಆಗಲೇ ಎರಡು ಸಲ ಹೇಳಿಕಳಿಸಿದ್ದರು. ಕತ್ತರಿ ಬೂದನ ಕೊರಳ ಹತ್ತಿರ ಬಂತು.

ಸೌಮ್ಯಶ್ರೀ ಅದನ್ನು ಕಿತ್ತುಕೊಂಡಳು. ಆ ಮನೆಯಲ್ಲಿ ಹನ್ನೆರಡು ವರ್ಷದಲ್ಲಿ ಅವಳು ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಂಡಿರಲಿಲ್ಲ.

“ಬೂದನೂ ಹೋಗಲಿ ಬುದ್ಧಿ. ಅತ್ತೆ ಕಟ್ಟಿದ್ದು ಅವರ ಜೊತೆಗೇ ಹೋಗಲಿ.”

ಸಮಾಧಿಯೊಳಕ್ಕೆ ಕತ್ತೆಯೇ ಎಂದು ಹಿಂದಿನಿಂದ ಯಾರೋ ಮುಸಿಮುಸಿ ನಕ್ಕರು. ಗುರುಸಿದ್ದಯ್ಯನವರು ಆ ಗೊಂಬೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸ್ವೆಟರಿಗೆ ಅಂಟಿದ್ದ ಕೋಳಿಪುಕ್ಕ ತೆಗೆದರು. ಆಮೇಲೆ ಹೆಬ್ಬೆರಳಿನಲ್ಲಿ ಒಸಿ ವಿಭೂತಿ ತೆಗೆದು ಅದರ ಹಣೆಗೂ ಹಚ್ಚಿದರು.

“ಲಿಂಗಧಾರಣೆ ಆದ್ಮೇಲೆ ಇದೂ ನಮ್ಮೋರೇ ಕಣಪ್ಪ. ಎತ್ತಿ, ಹೊತ್ತಾಯ್ತು.”

ಮೂರೂವರೆಗೆ ಬಸವಲಿಂಗಮ್ಮನನ್ನು ಹೊಲದ ಗೂಡಿನಲ್ಲಿ ಕೂರಿಸಿದರು. ಎಡ ಅಂಗೈಯಲ್ಲಿ ಬೂದನ ಕೊರಳ ಕರಡಿಗೆ, ತೊಡೆಯ ಮೇಲೆ ಬೂದ. ಚನ್ನಪಟ್ಟಣದಿಂದ ಬಸ್ಸಿನಲ್ಲಿ ಬರುವಾಗ ಕೂತಿದ್ದ ಹಾಗೇ ಇಬ್ಬರೂ ಕೂತಿದ್ದರು. ಪತ್ರೆ, ವಿಭೂತಿ, ಉಪ್ಪು ಹಾಕಿ, ಒಬ್ಬೊಬ್ಬರೇ ಮಣ್ಣು ಹಾಕಿದರು. ಸೌಮ್ಯಶ್ರೀ ತನ್ನ ಹಿಡಿ ಮಣ್ಣನ್ನು ಕಾಲ ಹತ್ತಿರ ಹಾಕಿ ಬಂದಳು.

ಅಲ್ಲಿದ್ದವರಲ್ಲಿ ಅವಳು ನಿಖಾತಳನ್ನು ಹುಡುಕಿದಳು. ಫೋನುಗಳೆಲ್ಲ ಮಾತಾಡುತ್ತಿದ್ದಾಗ ಆ ಹುಡುಗಿ ನೆಲದ ಮೇಲಿನ ಸಾಮಾನನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡು ಯಾವಾಗ ಹೋದಳೋ ಯಾರೂ ನೋಡಿರಲಿಲ್ಲ. ಬಾಚಣಿಗೆ ಮಾತ್ರ ಪಡಸಾಲೆಯ ಕಂಬದ ಬುಡದಲ್ಲಿ ಉಳಿದುಬಿಟ್ಟಿತ್ತು.

ಸಂಜೆ ಮನೆ ತೊಳೆದು, ದೀಪ ಹಚ್ಚಿ, ನೆಂಟರು ಬಸ್ಸು ಹಿಡಿಯಲು ಹೊರಟ ಮೇಲೆ ಸೌಮ್ಯಶ್ರೀ ಆ ಬಾಚಣಿಗೆ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ನಿಖಾತಳಿಗೆ ಮೂರು ಸಲ ಫೋನು ಮಾಡಿದಳು. ಎತ್ತಲಿಲ್ಲ. ಆಗ ಮೈಕು ಒತ್ತಿ ಹಿಡಿದು ಮಾತಾಡಿದಳು. ತಪ್ಪಾಯಿತು ಎಂದಳು. ನೀನಲ್ಲ ಎಂದು ಗೊತ್ತಿದ್ದೂ ಹೆದರಿಕೆಗೆ ಹಾಗಂದೆ ಎಂದಳು. ಲಿಂಗ ಸಿಕ್ಕಿದ್ದು, ಬೂದನಿಗೆ ಅಯ್ಯನವರು ವಿಭೂತಿ ಹಚ್ಚಿದ್ದು, ಅತ್ತೆಯ ಕಡೆಯ ಮಾತು, ಎಲ್ಲವನ್ನೂ ಹೇಳಿದಳು. ನಾಳೆ ಬೆಳಿಗ್ಗೆ ನೀನು ಬಸ್ಸಿಗೆ ಹೋಗುವಾಗ ನಿಲ್ಲು, ಬಾಚಣಿಗೆ ನನ್ನ ಹತ್ತಿರವಿದೆ ಎಂದಳು. ಮಾತಾಡುತ್ತ ಮಾತಾಡುತ್ತ ನಾಲ್ಕು ನಿಮಿಷವಾಗಿತ್ತು.

ಸಂದೇಶ ಹೋಯಿತು. ಎರಡು ಗೀಟು ಬಿದ್ದವು. ಆಮೇಲೆ ನಿಖಾತ್ ಫೋನು ತೆರೆದಿದ್ದಾಳೆಂದು ತೋರಿಸಿತು. ಸೌಮ್ಯಶ್ರೀ ಪರದೆಯಿಂದ ಕಣ್ಣು ತೆಗೆಯದೆ ಕೂತಳು.

ಅರ್ಧ ನಿಮಿಷಕ್ಕೆ ಕೆಳಗೆ ಜೋಡಿಸಿದ ಎರಡು ಕೈ ಬಂದವು. ಮೇಲಿನ ಮೈಕು ಬೂದಿ ಬಣ್ಣದಲ್ಲೇ ಇತ್ತು.